ಜ್ವರದಲ್ಲಿ ಬರೆದ ಚಿತ್ರ

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಎರಡು ಕಾಲು ಹೊರಗೆ, ಎರಡು ಕಾಲು ಒಳಗೆ. ಹೊರಗೆ ನಿಂತು ಎಳೆಯುತ್ತಿದ್ದವಳು ಸತ್ತವಳ ಮಗಳು, ಒಳಗಿನಿಂದ ನೂಕುತ್ತಿದ್ದವನು ಚಿತ್ರಗಳಿಗೆ ಫ್ರೇಮ್ ಹಾಕುವವನು. ಇಬ್ಬರೂ ಬೆವೆತು ಹೋಗಿದ್ದರು.

"ಸ್ವಲ್ಪ ಓರೆ ಮಾಡು," ಎಂದ ಅವನು.

"ಇನ್ನೆಷ್ಟು ಓರೆ ಮಾಡೋದು? ತಲೆಕೆಳಗಾಗುತ್ತೆ ಅಷ್ಟೆ."

ಅವನು ಕೈಬಿಟ್ಟು ನೆಟ್ಟಗೆ ನಿಂತ. "ಇದು ಹೋಗಲ್ಲ ಬಿಡು. ಈಗ ನೆನಪಾಯ್ತು. ಈ ಮೇಜನ್ನ ನಾನು ಇದೇ ಕೋಣೆಯಲ್ಲಿ ಕೂತು ಮಾಡಿದ್ದು. ಬಾಗಿಲಿಗಿಂತ ನಾಲ್ಕು ಬೆರಳು ದೊಡ್ಡದಿರ್ಲಿ ಅಂತ ನಿಮ್ಮಮ್ಮಾನೇ ಹೇಳಿದ್ರು."

"ಯಾಕಂತೆ?"

"ಅಂಗಡಿ ಮುಚ್ಚೋ ಮನಸ್ಸು ಬಂದ್ರೂ ಮೇಜು ಆಚೆ ಹೋಗಬಾರ್ದು ಅಂತ."

ಮಗಳು ನಗಲು ಹೋಗಿ ಅತ್ತುಬಿಟ್ಟಳು.

ದೊಡ್ಡಕ್ಕ ಒಳಕೋಣೆಯ ಪರದೆ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಬೀದಿಯವರಿಗೆಲ್ಲ ಅವಳು ದೊಡ್ಡಕ್ಕ, ತೀರಿಕೊಂಡ ತಂಗಿ ಚಿಕ್ಕಕ್ಕ. ದೊಡ್ಡಕ್ಕ ಪರದೆಯ ಹಿಂದೆ ಕೂತು ಜನರ ಭಾವಚಿತ್ರ ಬರೆಯುವವಳು. ಚಿಕ್ಕಕ್ಕ ಪರದೆಯ ಮುಂದೆ, ಈ ಮೇಜಿನ ಹಿಂದೆ ಕೂತು ಗಿರಾಕಿಗಳನ್ನು ನೋಡಿಕೊಳ್ಳುವವಳು. ಮೂವತ್ತೊಂದು ವರ್ಷದಿಂದ ಈ ಪುಟ್ಟ ಸ್ಟುಡಿಯೋ ಹೀಗೇ ನಡೆದಿತ್ತು. ಮೊನ್ನೆ ಸಂಜೆ ಚಿಕ್ಕಕ್ಕ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ. ಆಗ ದೊಡ್ಡಕ್ಕ ಒಳಗೆ ಯಾರದೋ ಕಿವಿಯ ನೆರಳು ಸರಿಪಡಿಸುತ್ತಿದ್ದಳು. ಆಚೆ ಮಾತು ನಿಂತು ಅರ್ಧ ಗಂಟೆಯಾದರೂ ಎದ್ದು ನೋಡಲಿಲ್ಲ. ನಿಜ ಹೇಳಬೇಕೆಂದರೆ, ಸದ್ಯ ಸುಮ್ಮನಾದಳಲ್ಲ ಎಂದು ಹಾಯೆನಿಸಿತ್ತು.

"ದೊಡ್ಡಮ್ಮಾ, ಇದನ್ನ ನಿಮ್ಮ ಕೋಣೆಯಲ್ಲಿ ಇಡೋಣವಾ? ಅಮ್ಮನ್ನ ಆಸ್ಪತ್ರೆಯಿಂದ ತಂದು ಇಲ್ಲಿ ಮಲಗಿಸ್ಬೇಕಲ್ಲ," ಎಂದಳು ಮಗಳು ಕಣ್ಣೊರೆಸಿಕೊಂಡು.

"ಇಡಿ. ಇನ್ನೆಲ್ಲಿ ಇಡ್ತೀರ."

ಮೇಜು ಒಳಗೆ ಬಂತು. ಬಂದದ್ದೇ ಕೋಣೆಯ ಮುಕ್ಕಾಲು ಭಾಗ ನುಂಗಿತು. ಚಿತ್ರ ನಿಲ್ಲಿಸುವ ಸ್ಟ್ಯಾಂಡು ಮೂಲೆಗೆ ಹೋಯಿತು, ಬಣ್ಣದ ಡಬ್ಬಗಳು ಕಿಟಕಿಗೆ ಹತ್ತಿದವು. ಇಷ್ಟು ದಿನ ಪರದೆಯಾಚೆ ಇದ್ದವಳು ಸತ್ತ ಮೇಲೆ ಒಳಗೇ ಬಂದು ಕೂತಳಲ್ಲ ಎಂದುಕೊಂಡಳು ದೊಡ್ಡಕ್ಕ. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೆ ಅಂದುಕೊಂಡದ್ದು ಅಂದುಕೊಂಡದ್ದೇ.

ಹತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಇಷ್ಟೊಂದು ಜನ ಬರುತ್ತಾರೆಂದು ದೊಡ್ಡಕ್ಕ ಎಣಿಸಿರಲಿಲ್ಲ. ಚಪ್ಪಲಿಗಳ ಸಾಲು ಪಕ್ಕದ ಅಂಗಡಿಯ ಮೆಟ್ಟಿಲವರೆಗೂ ಬೆಳೆಯಿತು. ಬಂದವರು ಮಗಳ ಕೈ ಹಿಡಿದು ಅತ್ತರು. ಫ್ರೇಮಿನವನ ಹೆಗಲು ತಟ್ಟಿದರು. ದೊಡ್ಡಕ್ಕನ ಹೆಸರು ಕೇಳಿದ್ದರೂ ಮುಖ ಕಂಡವರು ಕಡಿಮೆ; ಯಾರಿರಬಹುದೆಂದು ಒಂದು ಗಳಿಗೆ ಯೋಚಿಸಿ, ಆಮೇಲೆ ಕೈಮುಗಿದರು.

"ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿಯೇಬಿಟ್ಟಳು ದೂರದ ಬಡಾವಣೆಯ ಒಬ್ಬಳು.

"ಅಕ್ಕ."

"ಅಯ್ಯೋ ಪಾಪ. ನಮ್ಮ ತಂದೆ ಚಿತ್ರ ಅವರೇ ಮಾಡ್ಕೊಟ್ಟಿದ್ದು ನೋಡಿ. ಥೇಟ್ ಅವರೇ ಕೂತ ಹಾಗಿದೆ."

ಅವಳು ಮಾಡಿಕೊಟ್ಟದ್ದಲ್ಲ ತಾಯಿ, ಮಾಡಿಸಿಕೊಟ್ಟದ್ದು. ಮಾಡಿದವಳು ನಿನ್ನ ಮುಂದೆ ನಿಂತಿದ್ದಾಳೆ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡಳು. ಹೆಣದ ಮುಂದೆ ಲೆಕ್ಕ ಬಿಡಿಸುವವಳು ಎಂದು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

*

ಶುರುವಿನಲ್ಲಿ ಪರದೆ ಇರಲಿಲ್ಲ. ಗಂಡ ತೀರಿಕೊಂಡು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ತಂಗಿ ಅಕ್ಕನ ಮನೆಗೆ ಬಂದಾಗ ಸ್ಟುಡಿಯೋದ ಬಾಗಿಲು ತೆಗೆದಿದ್ದರೂ ಒಳಗೆ ಬರುವವರಿರಲಿಲ್ಲ. ಬಂದ ಒಬ್ಬ ಗಿರಾಕಿಗೆ ದೊಡ್ಡಕ್ಕ ಮೊದಲ ದಿನವೇ ಹೇಳಿದ್ದಳು: "ನಿಮ್ಮ ತಂದೆಗೆ ಗದ್ದವೇ ಇಲ್ಲವಲ್ಲ ಸ್ವಾಮಿ, ಎಲ್ಲಿಂದ ತರಲಿ?" ಆತ ಫೋಟೋ ಕಿತ್ತುಕೊಂಡು ಹೋದ.

ಮಾರನೆಯ ದಿನ ತಂಗಿ ಹಳೆಯ ಬೆಡ್‌ಶೀಟು ಹರಿದು ಪರದೆ ಕಟ್ಟಿದಳು. "ನೀನು ಆಚೆ, ನಾನು ಈಚೆ. ನಿನ್ನ ಕೈ ಒಳಗಿರ್ಲಿ. ಬಾಯಿ ಅಂತೂ ಒಳಗೇ ಇರ್ಲಿ."

ಆಮೇಲಿನದು ತಂಗಿಯ ರಾಜ್ಯ. ಬಂದವರನ್ನು ಅವಳು ಮೊದಲು ಕೇಳುತ್ತಿದ್ದದ್ದು, "ಯಾವ ಗೋಡೆಗೆ?" ಎಂದು. ದರದ ಮಾತು ಆಮೇಲೆ. ಅವರ ಮನೆಗೇ ಹೋಗಿ ಗೋಡೆ ನೋಡಿ, ಕಿಟಕಿ ಯಾವ ಕಡೆಗಿದೆ ನೋಡಿ, ಮನೆಯವರ ಜೊತೆ ಒಂದು ಗಂಟೆ ಕೂತು ಹರಟಿ ಬರುತ್ತಿದ್ದಳು. ವಾಪಸು ಬಂದು ಒಂದು ಚೀಟಿ ಪರದೆಯ ಸಂದಿಯಲ್ಲಿ ತೂರಿಸುವಳು: ಬೆಳಕು ಎಡದಿಂದ. ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದರಂತೆ. ಬಲಗಡೆಯ ಹುಬ್ಬು ಸ್ವಲ್ಪ ಮೇಲೆ. ದೊಡ್ಡಕ್ಕ ಹಾಗೇ ಬರೆಯುವಳು. ಥೇಟ್ ನಮ್ಮಪ್ಪ ನಮ್ಮ ಮನೆಯಲ್ಲೇ ಕೂತ ಹಾಗಿದೆ ಎಂದು ಆಚೆ ಜನ ಕಣ್ಣೀರು ಹಾಕಿದರೆ, ಆ ಕಣ್ಣೀರು ನೋಡುವ ಭಾಗ್ಯವೂ ತಂಗಿಯದೇ.

ಸಹಿ ಹಾಕಲೂ ಬಿಡಲಿಲ್ಲ. "ತಮ್ಮಪ್ಪನ ಎದೆ ಮೇಲೆ ನಿನ್ನ ಹೆಸರು ಯಾರಿಗೆ ಬೇಕು?" ಎಂದಳು. ಚಿತ್ರದ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಸ್ಟುಡಿಯೋದ ವಿಳಾಸ, ತಾರೀಕು, ಯಾವ ಗೋಡೆ ಎಂಬುದನ್ನು ತನ್ನ ಗುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ಹಾಗಾಗಿ ಆ ಊರಿನ ನೂರಾರು ಮನೆಗಳಲ್ಲಿ ಇದ್ದದ್ದು ತಂಗಿಯ ಕೈಬರಹ.

ಇನ್ನೊಂದು ಉಪಾಯವನ್ನೂ ಹೂಡಿದ್ದಳು. ವರ್ಷಕ್ಕೊಮ್ಮೆ ಚಿತ್ರ ತಂದರೆ ಪುಕ್ಕಟೆ ಒರೆಸಿಕೊಡುವುದು. ಆದರೆ ಒಂದು ಷರತ್ತು: ಪೇಪರು ಸುತ್ತಬಾರದು, ಚೀಲಕ್ಕೆ ಹಾಕಬಾರದು. ಚಿತ್ರದ ಮುಖ ಬೀದಿಗೆ ಕಾಣುವ ಹಾಗೆ ಎದೆಗೆ ಹಿಡಿದುಕೊಂಡು ಮಾರ್ಕೆಟ್ಟಿನ ನಡುವೆಯೇ ನಡೆದು ಬರಬೇಕು. ಕಂಡವರು ಕೇಳದೆ ಇರುತ್ತಾರೆಯೇ? ಬೋರ್ಡು ಬರೆಸುವ ಖರ್ಚೂ ಉಳಿಯಿತು.

ಇಬ್ಬರೂ ಚಿಕ್ಕವರಿದ್ದಾಗ ಒಬ್ಬರೇ ಡ್ರಾಯಿಂಗ್ ಮಾಸ್ತರ ಹತ್ತಿರ ಕಲಿತವರು. ದೊಡ್ಡವಳ ಕೈ ಗಟ್ಟಿ, ಚಿಕ್ಕವಳ ಕೈ ಹಗುರ ಎನ್ನುತ್ತಿದ್ದರು ಮಾಸ್ತರು. ಗಟ್ಟಿ ಎನ್ನುವುದು ಹೊಗಳಿಕೆಯೆಂದೇ ದೊಡ್ಡಕ್ಕ ತಿಳಿದಿದ್ದಳು. ಜನ ತಂಗಿಯವರು, ಮಗಳು ತಂಗಿಯವಳು, ಬೀದಿ ತಂಗಿಯದು. ಇರಲಿ, ಕೈ ನನ್ನದು. ಹೊಟ್ಟೆ ಉರಿದಾಗಲೆಲ್ಲ ಅವಳು ಈ ಒಂದು ಮಾತನ್ನು ಹೇಳಿಕೊಂಡು ತಣ್ಣಗಾಗುತ್ತಿದ್ದಳು.

*

ಹನ್ನೊಂದೂವರೆಗೆ ಟೈಲರ್ ಬಂದ. ಅವನ ಎದೆಯ ಮೇಲೆ ಅವನ ತಾಯಿಯ ಚಿತ್ರವಿತ್ತು. ಅವನ ಹಿಂದೆ ಇನ್ನೂ ಆರೇಳು ಜನ, ಒಬ್ಬೊಬ್ಬರ ಎದೆಯ ಮೇಲೂ ಒಂದೊಂದು ಮುಖ.

"ಇದೇನು, ಇವತ್ತು ತಂದಿದೀರ?" ಎಂದಳು ಮಗಳು.

ಟೈಲರ್ ಸಂಕೋಚಪಟ್ಟ. "ಒರೆಸೋದಕ್ಕೆ ಗುರುವಾರ ತನ್ನಿ ಅಂತ ನಿಮ್ಮಮ್ಮಾನೇ ಹೋದ ವಾರ ಫೋನ್ ಮಾಡಿದ್ರಮ್ಮಾ. ಇವತ್ತು ಗುರುವಾರ. ಬಿಟ್ಟು ಬರೋಣ ಅಂದ್ರೆ ಮನಸ್ಸಾಗ್ಲಿಲ್ಲ. ಅವರ ಮಾತು ಮೀರಿದ ಹಾಗಾಗುತ್ತೆ ಅಂತ..."

ಚಿತ್ರಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಇಟ್ಟರು. ಸತ್ತವಳ ಸುತ್ತ ಸತ್ತವರೆಲ್ಲ ಬಂದು ಕೂತಂತಾಯಿತು. ನಾನು ಬರೆದ ಮುಖಗಳೂ ಅವಳನ್ನೇ ನೋಡುವುದಕ್ಕೆ ಬಂದವಲ್ಲ ಎಂದು ದೊಡ್ಡಕ್ಕನಿಗೆ ಅಳುವ ಬದಲು ಸಿಟ್ಟು ಬಂತು. ಎರಡು ದಿನದಿಂದ ಅವಳಿಗೆ ಅಳುವೇ ಬಂದಿರಲಿಲ್ಲ.

ಆದರೆ ಟೈಲರನ ತಾಯಿಯ ಚಿತ್ರದ ಮೇಲೆ ಕಣ್ಣು ಬಿದ್ದದ್ದೇ ಮನಸ್ಸು ಸ್ವಲ್ಪ ಹಗುರಾಯಿತು. ಮುದುಕಿ ಕನ್ನಡಕವನ್ನು ಹಣೆಗೇರಿಸಿ, ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ದಾರದ ತುದಿಯನ್ನು ಒತ್ತಿ ಹಿಡಿದ ಹೆಬ್ಬೆರಳು, ಉಗುರಿನ ಕೆಳಗೆ ರಕ್ತ ಸರಿದು ಬಿಳಿಚಿಕೊಂಡ ಜಾಗ. ಎಷ್ಟು ಕಡಿಮೆ ಬಣ್ಣ! ನಾಲ್ಕೇ ಎಳೆ, ಅಷ್ಟರಲ್ಲೇ ಬೆರಳು ಜೀವ ತಳೆದಿದೆ. ಇದು ಸ್ಟುಡಿಯೋದ ಹೆಸರುವಾಸಿ ಚಿತ್ರ, ಜ್ವರದಲ್ಲಿ ಬರೆದ ಚಿತ್ರ. ದೊಡ್ಡಕ್ಕ ಅದರ ಮುಂದೆ ಕೂತಳು.

*

ಹತ್ತೊಂಬತ್ತು ವರ್ಷದ ಹಿಂದೆ ದೊಡ್ಡಕ್ಕನಿಗೆ ಟೈಫಾಯಿಡ್ ಆಗಿ ಆರು ವಾರ ಮಲಗಿದ್ದಳು. ಆಗ ಟೈಲರನ ತಾಯಿಯ ಚಿತ್ರಕ್ಕೆ ಪೆನ್ಸಿಲ್ ಗೆರೆ ಹಾಕಿ ಇಟ್ಟಿದ್ದಳು ಅಷ್ಟೆ. ಮುದುಕಿ ಇನ್ನು ಹೆಚ್ಚು ದಿನ ಇರುವುದಿಲ್ಲ, ಕಣ್ಣು ಮುಚ್ಚುವ ಮೊದಲು ತನ್ನ ಚಿತ್ರ ನೋಡಬೇಕಂತೆ ಎಂದು ಅವಸರವಿತ್ತು. ದೊಡ್ಡಕ್ಕ ಎದ್ದು ಓಡಾಡುವ ಹೊತ್ತಿಗೆ ಚಿತ್ರ ಹೋಗಿಯೂ ಆಗಿತ್ತು. ಅವಳು ಅದನ್ನು ಕಂಡದ್ದು ಮರುವರ್ಷ, ಒರೆಸಲು ಬಂದಾಗ.

"ಇದನ್ನ ನಾನು ಯಾವಾಗ ಬರೆದೆ?" ಎಂದು ಕೇಳಿದಳು.

ಚಿಕ್ಕಕ್ಕ ತಲೆಯೆತ್ತದೆ ಗಾಜು ಒರೆಸುತ್ತಿದ್ದಳು. "ಜ್ವರದಲ್ಲಿ. ಎದ್ದೆದ್ದು ಬಂದು ಬರೀತಿದ್ದೆ. ಮಲಕ್ಕೋ ಅಂದ್ರೂ ಕೇಳ್ತಿರ್ಲಿಲ್ಲ. ನೆನಪಿಲ್ವಾ?"

ನೆನಪಿರಲಿಲ್ಲ. ಆದರೆ ತಂಗಿ ಹೇಳಿದ ಮೇಲೆ ನೆನಪೂ ಬಂತು: ಕಾಲಿಗೆ ತಣ್ಣಗೆ ತಾಗಿದ ನೆಲ, ಉರಿಯುವ ಕಣ್ಣು, ಕೈ ತಾನಾಗಿ ಓಡಿದ್ದು. ಅಂದಿನಿಂದ ತಂಗಿ ಬಂದ ಗಿರಾಕಿಗಳಿಗೆಲ್ಲ ಅದೇ ಕತೆ ಹೇಳಿದಳು. ಅವಳ ಬಾಯಲ್ಲಿ ಜ್ವರ ಏರುತ್ತಲೇ ಹೋಯಿತು. ದೊಡ್ಡಕ್ಕನೂ ಕೇಳಿದವರಿಗೆ ಹೇಳಿದಳು. ಅಪರೂಪಕ್ಕೆ ಪರದೆಯಿಂದ ಈಚೆ ಬಂದು ಅವಳು ಬಾಯಿ ತುಂಬ ಆಡುತ್ತಿದ್ದದ್ದು ಅದೊಂದೇ ಮಾತು.

ಒಂದೇ ಕೊರಗೆಂದರೆ, ಆಮೇಲೆ ಅಂಥ ಬೆರಳು ಅವಳಿಗೆ ಮತ್ತೆ ಬರಲಿಲ್ಲ. ಎಷ್ಟೋ ಸಲ ಪ್ರಯತ್ನಪಟ್ಟಳು. ಪ್ರತಿ ಸಲವೂ ಬಣ್ಣ ಹೆಚ್ಚಾಗುತ್ತಿತ್ತು, ಬೆರಳು ಮರದ ಬೆರಳಾಗುತ್ತಿತ್ತು. ಕೊನೆಗೆ ಅವಳಿಗೆ ತನ್ನ ಜ್ವರದ ಮೇಲೆಯೇ ಹೊಟ್ಟೆಕಿಚ್ಚು ಹುಟ್ಟಿತ್ತು.

*

"ನೋಡಿದ್ಯಾ ಇದನ್ನ?" ಎಂದಳು ದೊಡ್ಡಕ್ಕ, ಪಕ್ಕಕ್ಕೆ ಬಂದು ನಿಂತ ಫ್ರೇಮಿನವನಿಗೆ. ದನಿ ತಗ್ಗಿಸಿದ್ದಳು, ವಿಷ ತಗ್ಗಿಸಿರಲಿಲ್ಲ. "ಬೆಳಗ್ಗೆಯಿಂದ ಬಂದವರೆಲ್ಲ ಅವಳನ್ನೇ ಹೊಗಳ್ತಿದಾರೆ. ಅವಳು ನಕ್ಕಳು, ಅವಳು ಮಾತಾಡಿದಳು, ಅವಳು ಗೋಡೆ ನೋಡಿದಳು. ಈ ಹೆಬ್ಬೆರಳನ್ನ ಮಾತಲ್ಲಿ ಮಾಡೋಕಾಗುತ್ತಾ?"

ಅವನು ಬಗ್ಗಿ ಪಕ್ಕದ ಚಿತ್ರವನ್ನು ನೆಟ್ಟಗೆ ಮಾಡಿದ.

"ಹೇಳೋ, ಆಗುತ್ತಾ?"

"ಇವತ್ತು ಆ ಮಾತು ಬೇಡ ದೊಡ್ಡಕ್ಕ."

"ಯಾಕೆ ಬೇಡ? ಇವತ್ತಲ್ಲದೆ ಇನ್ನ್ಯಾವತ್ತು? ನಾನೂ ಇದೀನಿ ಅನ್ನೋದು ಒಬ್ಬರಿಗಾದ್ರೂ ಗೊತ್ತಾಗ್ಲಿ."

ಅವನು ಒಮ್ಮೆ ಮಲಗಿದ್ದವಳ ಕಡೆ ನೋಡಿದ. ಅವನ ತಾಳ್ಮೆಯ ಕಟ್ಟೆ ಒಡೆದಿತ್ತು. "ಅವರು ಅಲ್ಲಿ ಮಲಗಿದಾರೆ. ಅವರ ಮುಂದೆ ಇದೊಂದು ಚಿತ್ರದ ಮಾತು ಎತ್ತಬೇಡಿ. ಇದು ನಿಮ್ಮದಲ್ಲ."

"ಏನಂದೆ?"

ಅವನು ಚಿತ್ರವನ್ನು ಎತ್ತಿ ಬೆನ್ನು ತಿರುಗಿಸಿದ. ಫ್ರೇಮಿನ ಹಿಂದೆ ಮಡಿಸಿ ಮೊಳೆ ಹೊಡೆದ ಕ್ಯಾನ್ವಾಸಿನ ಅಂಚಿನ ಮೇಲೆ ಬೆರಳಿಟ್ಟ. "ನೀವು ಯಾವ ಚಿತ್ರಕ್ಕಾದ್ರೂ ಮೊದಲು ತಳಕ್ಕೆ ಕಂದು ಬಣ್ಣ ಬಳೀತೀರ. ನಾನು ಫ್ರೇಮ್ ಹಾಕಿದ ಒಂದೊಂದರಲ್ಲೂ ಅಂಚಲ್ಲಿ ಕಂದೇ ಇರೋದು. ಇಲ್ಲಿ ನೋಡಿ."

ಅಂಚು ಹಸಿರಾಗಿತ್ತು. ಎಳೆಯ ಹಸಿರು. ದೊಡ್ಡಕ್ಕ ಜೀವಮಾನದಲ್ಲಿ ತಳಕ್ಕೆ ಬಳಿಯದ ಬಣ್ಣ.

"ಕಂದು ಮುಗಿದು ಹೋಗಿತ್ತಂತೆ. ಯಾವ ಡಬ್ಬ ತರಬೇಕು ಅಂತ ನಿಮ್ಮನ್ನ ಕೇಳೋ ಹಾಗಿರ್ಲಿಲ್ಲ, ನಿಮಗೆ ಮೈಮೇಲೆ ಪ್ರಜ್ಞೆ ಇರ್ಲಿಲ್ಲ. ಇದ್ದದ್ದನ್ನ ಬಳಿದ್ರು ಚಿಕ್ಕಕ್ಕ. ಬಣ್ಣ ಇನ್ನೂ ಹಸಿ ಇರೋವಾಗ್ಲೇ ತಂದು ಕೊಟ್ರು. ಕೈಯೆಲ್ಲ ಬಣ್ಣ, ಮೂಗಿನ ಮೇಲೂ ಬಣ್ಣ. ನಾನು ಫ್ರೇಮ್ ಹಾಕೋವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡ್ತಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಕೇಳ್ದೆ ನಾನು. ‘ಅಂಗಡೀಲಿ ಎರಡು ಕೈ ಇದೆ ಅಂತ ಗೊತ್ತಾದ್ರೆ, ಬಂದವರು ಯಾವ ಕೈ ಅಗ್ಗ ಅಂತ ಕೇಳ್ತಾರೆ. ಅದೂ ಅಲ್ದೆ ನಾನು ಒಳಗೆ ಕೂತ್ರೆ ಬಾಗಿಲು ತೆಗೆಯೋರ್ಯಾರು? ಅಕ್ಕನ್ನ ಬಾಗಿಲಿಗೆ ಕಳಿಸಿದ್ರೆ ವಾರದಲ್ಲಿ ಅಂಗಡಿ ಮುಚ್ಚುತ್ತೆ’ ಅಂದ್ರು. ನಗ್ತಾನೇ ಅಂದ್ರು."

"ಮತ್ತೆ ಬರೆದಳಾ?"

"ಇಲ್ಲ. ಆಸೆ ತೀರ್ತು, ಬ್ರಷ್ ತೊಳೆದು ಇಟ್ಟೆ ಅಂದ್ರು." ಅವನು ಚಿತ್ರವನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಮುಖ ನೋಡಿದ್ರೆ ಆಸೆ ತೀರಿದ ಹಾಗೆ ಕಾಣ್ಲಿಲ್ಲ ನನಗೆ."

ದೊಡ್ಡಕ್ಕ ಎದ್ದು ತಂಗಿಯ ಪಕ್ಕ ಹೋಗಿ ಕೂತಳು. ಬಟ್ಟೆ ಸರಿಸಿ ಬಲಗೈ ಹೊರಗೆ ತೆಗೆದಳು. ಸಣ್ಣ ಕೈ, ಉದ್ದ ಬೆರಳು, ತೋರುಬೆರಳಿನ ಪಕ್ಕ ಪೆನ್ನು ಹಿಡಿದು ಹಿಡಿದು ಆದ ಗಂಟು. ಮೂವತ್ತೊಂದು ವರ್ಷ ಚೀಟಿ ಬರೆದ ಕೈ. ಇದೇ ಕೈ ಒಂದೇ ಒಂದು ಸಲ ಬ್ರಷ್ ಹಿಡಿಯಿತು, ಹಿಡಿದದ್ದೇ ಅವಳು ಹತ್ತೊಂಬತ್ತು ವರ್ಷ ಒದ್ದಾಡಿದರೂ ಬಾರದ್ದನ್ನು ಮಾಡಿಟ್ಟಿತು. ಆಮೇಲೆ ಅದನ್ನು ಅಕ್ಕನ ಮಡಿಲಿಗೆ ಹಾಕಿ, ಜ್ವರದ ಕತೆ ಕಟ್ಟಿ, ಊರಿಗೆಲ್ಲ ಮಾರಿತು. ಅಕ್ಕ ಜಂಬ ಕೊಚ್ಚಿಕೊಳ್ಳುವಾಗೆಲ್ಲ ಪಕ್ಕದಲ್ಲೇ ನಿಂತು ತಲೆಯಾಡಿಸಿತು.

"ಕಳ್ಳಿ," ಎಂದಳು ದೊಡ್ಡಕ್ಕ. ಪಕ್ಕದಲ್ಲಿದ್ದವರು ಬೆಚ್ಚಿದರು. "ಕೈಯೊಂದು ನನ್ನದಿತ್ತು. ಅದನ್ನೂ ಬಿಡಲಿಲ್ಲವಲ್ಲೇ ನೀನು."

ಆಗ ಅಳು ಬಂತು. ಜೋರಾಗಿ, ತಡೆಯಲಾರದಂತೆ ಬಂತು. ಅದರಲ್ಲಿ ದುಃಖ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಅಂತೂ ಅತ್ತಳಲ್ಲ ಎಂದು ಬಂದವರು ಸಮಾಧಾನಪಟ್ಟರು.

*

ಮೂರು ಗಂಟೆಗೆ ಹೊರಟರು. ಬೀದಿ ಇಕ್ಕಟ್ಟು, ಚಿಕ್ಕಕ್ಕನನ್ನು ಮಲಗಿಸಿದ್ದ ವ್ಯಾನು ಮುಂದೆ ಆಮೆಯಂತೆ ಹೋಗುತ್ತಿತ್ತು, ಜನ ಹಿಂದೆ ನಡೆದರು. ಚಿತ್ರ ತಂದವರು ಅವನ್ನು ಅಲ್ಲೇ ಬಿಡಲಿಲ್ಲ. ಬರುವಾಗ ಹೇಗೆ ಬಂದರೋ ಹಾಗೇ ಎದೆಗೆ ಹಿಡಿದುಕೊಂಡರು. ಟೈಲರನಿಗೆ ಮಂಡಿನೋವು. "ಸ್ವಲ್ಪ ದೂರ ನೀವು ಹಿಡ್ಕೊಳ್ತೀರಾ ದೊಡ್ಡಕ್ಕ? ನಿಮ್ಮದೇ ಚಿತ್ರ ತಾನೆ," ಎಂದು ತಾಯಿಯನ್ನು ಅವಳ ಕೈಗೆ ಕೊಟ್ಟ.

ದೊಡ್ಡಕ್ಕ ಮುಖ ಬೀದಿಗೆ ಕಾಣುವಂತೆ ಹಿಡಿದು ನಡೆದಳು. ಮೂವತ್ತೊಂದು ವರ್ಷದಲ್ಲಿ ಅವಳು ಚಿತ್ರ ಹಿಡಿದು ಮಾರ್ಕೆಟ್ಟಿನಲ್ಲಿ ನಡೆದದ್ದು ಇದೇ ಮೊದಲು. ಸುಮ್ಮನಿದ್ದರೆ ಸಾಕಾಗಿತ್ತು. ನಿಜ ಬಲ್ಲವನು ಫ್ರೇಮಿನವನೊಬ್ಬನೇ, ಅವನು ಹತ್ತೊಂಬತ್ತು ವರ್ಷ ಬಾಯಿ ಬಿಟ್ಟವನಲ್ಲ, ಇನ್ನು ಬಿಡುವವನೂ ಅಲ್ಲ. ಅವಳು ಸಾಯುವವರೆಗೂ ಹೆಬ್ಬೆರಳು ಅವಳದೇ ಆಗಿ ಉಳಿಯುತ್ತಿತ್ತು.

ಔಷಧಿ ಅಂಗಡಿಯಾಕೆ ಬಾಗಿಲು ಅರ್ಧ ಎಳೆದು ಕೆಳಗೆ ಬಂದಳು. "ಜ್ವರದ ಚಿತ್ರ ಅಲ್ವಾ ಇದು? ಎಷ್ಟು ಸಲ ನೋಡಿದ್ರೂ ಬೇಜಾರಾಗಲ್ಲ. ನೂರಾ ನಾಲ್ಕು ಜ್ವರ ಇತ್ತಂತೆ ನಿಮಗೆ ಆಗ!"

"ನಾನು ಬರೆದದ್ದಲ್ಲ," ಎಂದಳು ದೊಡ್ಡಕ್ಕ.

"ಏನು?"

"ಇದನ್ನ ಬರೆದವಳು ಅವಳು." ಗದ್ದದಿಂದ ವ್ಯಾನಿನ ಕಡೆ ತೋರಿಸಿದಳು. "ನನ್ನ ತಂಗಿ."

ಔಷಧಿ ಅಂಗಡಿಯಾಕೆಯ ಕಣ್ಣು ತುಂಬಿತು. ಪಕ್ಕದವಳ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಪಾಪ, ದುಃಖದಲ್ಲಿ ಏನು ಹೇಳ್ತಿದೀನಿ ಅನ್ನೋದೇ ಗೊತ್ತಿಲ್ಲ ಅವರಿಗೆ."

"ದುಃಖವೂ ಇಲ್ಲ, ಮಣ್ಣೂ ಇಲ್ಲ. ನಿಜ ಹೇಳ್ತಿದೀನಿ."

ಕುಂಟುತ್ತ ಬರುತ್ತಿದ್ದ ಟೈಲರ್ ಅವಳ ತೋಳು ಹಿಡಿದುಕೊಂಡ. "ಬಿಡಿ ದೊಡ್ಡಕ್ಕ. ನಿಮ್ಮ ದೊಡ್ಡತನ ಅದು. ಯಾರು ಬರೆದದ್ದು ಅಂತ ಊರಿಗೆಲ್ಲ ಗೊತ್ತಿಲ್ವಾ? ಚಿಕ್ಕಕ್ಕಾನೇ ನನಗೆ ಎಷ್ಟು ಸಲ ಹೇಳಿದಾರೆ. ಅವರು ಸುಳ್ಳು ಹೇಳ್ತಾರಾ?"

ಹೇಳುತ್ತಾಳೆ ಕಣಯ್ಯಾ, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾಳೆ ಎನ್ನಬೇಕೆನಿಸಿತು. ಯಾರನ್ನು ನಂಬಿಸುವುದು? ಮಾತಿನಿಂದ ಏನನ್ನಾದರೂ ನಂಬಿಸಬಲ್ಲವಳು ವ್ಯಾನಿನಲ್ಲಿ ಮಲಗಿದ್ದಳು. ಅವಳು ಮಾರಿದ ಸುಳ್ಳನ್ನು ವಾಪಸು ಕೊಳ್ಳುವಷ್ಟು ಮಾತು ದೊಡ್ಡಕ್ಕನ ಹತ್ತಿರ ಇರಲಿಲ್ಲ. ಒಂದು ವಾರದಲ್ಲಿ ಅಂಗಡಿ ಮುಚ್ಚಿಸುವ ಬಾಯಿ ತನ್ನದು.

ಅವಳು ಮಾರ್ಕೆಟ್ಟಿನ ನಡುವೆ ನಿಂತಳು. ಚಿತ್ರವನ್ನು ತಿರುಗಿಸಿ ಹಿಡಿದಳು.

ಈಗ ಬೀದಿಗೆ ಕಂಡದ್ದು ಚಿತ್ರದ ಬೆನ್ನು: ಮಾಸಿದ ಮರದ ಪಟ್ಟಿ, ಸಾಲು ಮೊಳೆ, ಸುತ್ತಲೂ ಹಸಿರು ಅಂಚು, ನಡುವೆ ಚಿಕ್ಕಕ್ಕನ ಗುಂಡು ಅಕ್ಷರದ ಚೀಟಿ.

ಮಗಳು ಹಿಂದಿನಿಂದ ಓಡಿ ಬಂದಳು. "ದೊಡ್ಡಮ್ಮಾ, ಉಲ್ಟಾ ಹಿಡಿದಿದೀರ. ಮುಖ ಒಳಗಾಗಿದೆ."

"ಗೊತ್ತು."

"ಅಮ್ಮನಿಗೆ ಹೀಗೆ ಹಿಡಿದ್ರೆ ಆಗ್ತಿರ್ಲಿಲ್ಲ..."

"ಬಯ್ಯಲಿ ಬಿಡು."

ಅವಳು ಮತ್ತೆ ಹೆಜ್ಜೆ ಹಾಕಿದಳು. ಮುಂದೆ ವ್ಯಾನು ತಿರುವು ದಾಟುತ್ತಿತ್ತು. ಅವಳು ಅತ್ತ ನೋಡಲಿಲ್ಲ. ಕಣ್ಣಿಗೆ ಒಂದು ಗೇಣು ದೂರದಲ್ಲಿ ಮುದುಕಿಯ ಹೆಬ್ಬೆರಳಿತ್ತು, ಸುತ್ತ ನಾಲ್ಕು ಎಳೆ ಬಣ್ಣ. ತಂಗಿ ಯಾವುದನ್ನು ಮೊದಲು ಹಾಕಿದಳು, ಯಾವುದನ್ನು ಆಮೇಲೆ, ಬಿಳಿಯನ್ನು ಎಲ್ಲಿ ಬಿಟ್ಟಳು ಎಂದು ಹುಡುಕುತ್ತ, ಕಲ್ಲಿಗೆ ಎಡವುತ್ತ, ದೊಡ್ಡಕ್ಕ ದಾರಿಯುದ್ದಕ್ಕೂ ಅದನ್ನೇ ನೋಡಿಕೊಂಡು ನಡೆದಳು.